ಆ ದಿನ ನಾವು ಎದ್ದು ನಿಂತು ಹೇಳಿದ ಮಾತು

ನಮ್ಮ ಸಭೆಯ ಸ್ತ್ರೀಯರ ಅನ್ಯೋನ್ಯ ಕೂಟದ ಎಲ್ಲ ತಾಯಂದಿರಿಗೆ, ಅಕ್ಕತಂಗಿಯರಿಗೆ,



ಕೂಟದಲ್ಲಿ ಎದ್ದು ನಿಂತು ಹೇಳಬೇಕಾಗಿದ್ದ ಮಾತಿದು. ಎರಡು ಸಲ ಎದ್ದೆ, ಎರಡು ಸಲವೂ ಗಂಟಲು ಕಟ್ಟಿತು, ಪ್ರಾರ್ಥನೆಗೆ ಒಂದು ವಿಷಯ ಹೇಳಿ ಕೂತುಬಿಟ್ಟೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಬರೆಯುತ್ತಿರುವುದಕ್ಕೂ ಕಾರಣವಿದೆ. ಇದು ನಮ್ಮೊಂದು ಸಭೆಯ ಸಂಗತಿಯಲ್ಲ. ಉಡುಪಿ, ಮಂಗಳೂರು, ಹುಬ್ಬಳ್ಳಿ, ಗದಗ, ಎಲ್ಲೆಲ್ಲಿ ಆರಾಧನೆ ಮುಗಿದ ಮೇಲೆ ಹೆಂಗಸರು ಒಂದು ಹಸುಗೂಸಿನ ಸುತ್ತ ಸೇರುತ್ತಾರೋ ಅಲ್ಲೆಲ್ಲ ನಡೆಯುವಂಥದ್ದು.

ಕಳೆದ ಮೇ ತಿಂಗಳ ಎರಡನೇ ಭಾನುವಾರ ನಿಮಗೆ ನೆನಪಿರಬಹುದು. ನನ್ನ ಮೊಮ್ಮಗಳ ದೀಕ್ಷಾಸ್ನಾನ. ಸಭಾಪಾಲಕರು ಮಗುವನ್ನು ಎಡಗೈಗೆ ಒರಗಿಸಿಕೊಂಡು ಬೋಗುಣಿಯ ನೀರನ್ನು ಮೂರು ಸಲ ನೆತ್ತಿಗೆ ಹಾಕಿದರು. ಮಗು ಅಳಲಿಲ್ಲ, ಅವರ ಕನ್ನಡಕವನ್ನೇ ನೋಡುತ್ತಿತ್ತು. ಅದಕ್ಕೂ ಮುಂಚೆ ತಂದೆತಾಯಿಯನ್ನು ಕೇಳಬೇಕಾದ್ದನ್ನು ಕೇಳಿ, ಅವರು ನಮ್ಮ ಕಡೆಗೂ ತಿರುಗಿದ್ದರು. ಈ ಮಗು ದೇವರನ್ನು ಅರಿತು ಬೆಳೆಯಲು ಸಭೆಯಾಗಿ ನಿಮ್ಮ ಪಾಲಿನದನ್ನು ಮಾಡುತ್ತೀರಾ ಎಂದು ಕೇಳಿದರು. ನಾವೆಲ್ಲ ಎದ್ದು ನಿಂತು, ದೇವರ ಸಹಾಯದಿಂದ ಮಾಡುತ್ತೇವೆ ಎಂದೆವು. ನಾನೂ ಹೇಳಿದೆ. ಇಂಥ ಎಷ್ಟೋ ಮಕ್ಕಳಿಗೆ ಇದೇ ಮಾತನ್ನು ಈ ನಲವತ್ತು ವರ್ಷದಲ್ಲಿ ಹೇಳಿದ್ದೇನೆ. ಹೇಳುವಾಗ ಅದು ಪುಸ್ತಕದಲ್ಲಿರುವ ಉತ್ತರ ಎಂದಷ್ಟೇ ಅನ್ನಿಸುತ್ತಿತ್ತು.

ಹೊರಗೆ ಬಂದದ್ದೇ ತಡ, ಚಹಾದ ಮೇಜಿನ ಹತ್ತಿರ ಮಗು ಕೈಯಿಂದ ಕೈಗೆ ಹೋಯಿತು.

"ಎಷ್ಟು ತಿಂಗಳಾಯಿತು?"

"ಆರೂವರೆ."

"ಬಾಲೆ ನನಲಾ ಕುಲ್ಲುಜಾ?"

ತುಳು ಬಾರದವರಿಗೆ ಹೇಳುತ್ತೇನೆ, ಮಗು ಇನ್ನೂ ಕೂತುಕೊಳ್ಳುವುದಿಲ್ಲವಾ ಎಂದು ಅರ್ಥ. ಇನ್ನೊಬ್ಬರು ತಮ್ಮ ಮೊಮ್ಮಗ ಐದನೇ ತಿಂಗಳಿಗೇ ಕೂತಿದ್ದ ಎಂದರು. ಮತ್ತೊಬ್ಬರು ನನ್ನ ಮಗಳನ್ನು ಮೇಲಿಂದ ಕೆಳಗೆ ನೋಡಿ, ಹಾಲು ಸಾಲುತ್ತಿಲ್ಲವೇನೋ ಎಂದರು. ಒಬ್ಬರು ಅವಳ ಭುಜದ ಮೇಲೆ ಕೈಯಿಟ್ಟು, ಮನೆಯಲ್ಲಿ ಪ್ರಾರ್ಥನೆ ಇನ್ನೂ ಹೆಚ್ಚಾಗಬೇಕು ಎಂದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಅದು ನನಗೆ ಗೊತ್ತು. ಆ ರಾತ್ರಿ ನನ್ನ ಮಗಳು ಊಟ ಮಾಡಲಿಲ್ಲ, ಅದೂ ನನಗೆ ಗೊತ್ತು. ಆಮೇಲೆ ಅವಳು ಚರ್ಚಿಗೆ ಬರಲಿಲ್ಲ. ಮಗುವಿಗೆ ಶೀತ, ಮಗು ಈಗಷ್ಟೇ ಮಲಗಿತು ಎಂದೆಲ್ಲ ನಿಮಗೆ ಹೇಳುತ್ತಿದ್ದವಳು ನಾನೇ. ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ. ನಿಜವಾದ ಕಾರಣ ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ಅಮ್ಮಾ, ಅಲ್ಲಿ ಮಗುವನ್ನು ಎತ್ತಿಕೊಂಡವರೆಲ್ಲ ತೂಗಿ ನೋಡುತ್ತಾರೆ."

ತೂಗುವುದೇ ನನ್ನ ಕೆಲಸವಾಗಿತ್ತು. 29 ವರ್ಷ ಅಂಗನವಾಡಿ ಟೀಚರ್ ಆಗಿದ್ದೆ. ತೊಲೆಗೆ ಕಟ್ಟಿದ ಸಾಲ್ಟರ್ ತಕ್ಕಡಿಯಲ್ಲಿ ಮಕ್ಕಳನ್ನು ಕೂರಿಸಿ, ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿದು, ಬೆಳವಣಿಗೆಯ ಚಾರ್ಟಿನಲ್ಲಿ ಚುಕ್ಕೆ ಇಟ್ಟವಳು. ಹಸಿರು ಪಟ್ಟಿ, ಹಳದಿ ಪಟ್ಟಿ, ಕಿತ್ತಳೆ ಪಟ್ಟಿ. ಹೊಸ ಚಾರ್ಟು ಬಂದ ಮೇಲೆ ಹುಡುಗಿಯರಿಗೆ ಗುಲಾಬಿ, ಹುಡುಗರಿಗೆ ನೀಲಿ. ತರಬೇತಿಯಲ್ಲಿ ನಮಗೆ ಮತ್ತೆ ಮತ್ತೆ ಹೇಳಿಕೊಡುತ್ತಿದ್ದದ್ದು ಒಂದೇ ಸಂಗತಿ: ಒಂದು ಚುಕ್ಕೆ ನೋಡಿ ಏನನ್ನೂ ಹೇಳಬಾರದು. ಮುಂದಿನ ತಿಂಗಳ ಚುಕ್ಕೆ, ಅದರ ಮುಂದಿನದ್ದು, ಮೂರನ್ನೂ ಸೇರಿಸಿ ಗೆರೆ ಎಳೆದ ಮೇಲೆ ಆ ಗೆರೆ ಏರುತ್ತಿದೆಯೇ, ಮಲಗಿತೇ, ಇಳಿಯಿತೇ ಎಂದು ನೋಡಬೇಕು. ಚಹಾದ ಮೇಜಿನ ಹತ್ತಿರ ನಾವು ನೋಡುವುದು ಬರೀ ಒಂದು ಚುಕ್ಕೆ.

ಈ ಮಗುವಿನ ಮೊದಲನೇ ಚುಕ್ಕೆ ಎಲ್ಲಿತ್ತು ಎಂದು ನಿಮಗೆ ಹೇಳಬೇಕು.

ಅವಳು ಹುಟ್ಟಬೇಕಾಗಿದ್ದು ಕ್ರಿಸ್‌ಮಸ್ ವಾರದಲ್ಲಿ. ಹುಟ್ಟಿದ್ದು ಅಕ್ಟೋಬರ್ ಕೊನೆಯಲ್ಲಿ, 32 ವಾರ ತುಂಬುವಾಗ. ಮಗಳಿಗೆ ಬಿ.ಪಿ. ಏರಿತ್ತು, ಡಾಕ್ಟರಿಗೆ ಕಾಯಲು ಸಾಧ್ಯವಿರಲಿಲ್ಲ. ತೂಕ 1,480 ಗ್ರಾಂ. ಒಂದೂವರೆ ಕಿಲೋ ಅಕ್ಕಿಯಷ್ಟೂ ಭಾರವಿಲ್ಲ. ಮೊದಲ ವಾರದಲ್ಲಿ ಅದೂ ಇಳಿದು 1,360ಕ್ಕೆ ಬಂತು. ಎಲ್ಲ ಮಕ್ಕಳೂ ಹುಟ್ಟಿದ ಕೂಡಲೇ ಸ್ವಲ್ಪ ಇಳಿಯುತ್ತಾರೆ ಎಂದು ನೂರಾರು ತಾಯಂದಿರಿಗೆ ಹೇಳಿದವಳು ನಾನು. ಆದರೂ ಗಾಜಿನ ಪೆಟ್ಟಿಗೆಯ ಹೊರಗೆ ನಿಂತು ಆ ಅಂಕಿ ಕೇಳಿದಾಗ ನನ್ನ ಕಾಲು ಸೋತವು.

ಅಷ್ಟು ಬೇಗ ಹುಟ್ಟಿದ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಹೊಂದಿಸಿಕೊಳ್ಳಲು ಬರುವುದಿಲ್ಲ. ಸುಮಾರು 34 ವಾರದ ಹೊತ್ತಿಗೆ ಅದು ಕೂಡಿಬರುತ್ತದೆ. ಅಲ್ಲಿಯ ತನಕ ಮೂಗಿನಿಂದ ಹೊಟ್ಟೆಗೆ ಇಳಿಸಿದ ಸಣ್ಣ ಕೊಳವೆಯಲ್ಲಿ ತಾಯಿಯ ಹಾಲು ಹೋಗುತ್ತಿತ್ತು, ಮೊದಲ ದಿನ ಎರಡು ಗಂಟೆಗೊಮ್ಮೆ 2 ಮಿಲಿ. ಆಮೇಲೆ ಒಳಲೆ ಬಂತು. ನಮ್ಮ ಅಜ್ಜಿಯ ಕಾಲದ ಹಿತ್ತಾಳೆ ಒಳಲೆಯ ಜಾಗದಲ್ಲಿ ಸ್ಟೀಲಿನದು, ಆಕಾರ ಅದೇ. ನರ್ಸಮ್ಮ ಅದರ ಮೂತಿಯನ್ನು ಮಗುವಿನ ಕೆಳತುಟಿಗೆ ತಾಗಿಸಿ ಕಾಯುತ್ತಿದ್ದರು. ಹಾಲು ಸುರಿಯುತ್ತಿರಲಿಲ್ಲ. ನಾಲಿಗೆಯ ತುದಿ ಹೊರಗೆ ಬಂದು, ಹಾಲನ್ನು ಮುಟ್ಟಿ, ಹಿಂದೆ ಹೋಗಿ, ಮತ್ತೆ ಬರುವ ತನಕ ಅವರು ಕೈ ಅಲ್ಲಾಡಿಸದೆ ನಿಂತಿರುತ್ತಿದ್ದರು. ಹತ್ತು ಮಿಲಿಗೆ ಇಪ್ಪತ್ತು ನಿಮಿಷ. ಅಷ್ಟು ತಾಳ್ಮೆಯನ್ನು ನಾನು ಬೇರೆಲ್ಲೂ ಕಂಡದ್ದಿಲ್ಲ.

ತೂಕ ನಿಂತ ಮೇಲೆ ಕಾಂಗರೂ ಆರೈಕೆ. 1978ರಲ್ಲಿ ದಕ್ಷಿಣ ಅಮೆರಿಕದ ಬೊಗೊಟಾ ಊರಿನ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ ಡಾ. ಎಡ್ಗರ್ ರೇ ಎಂಬವರು ತಾಯಿಯ ಎದೆಯನ್ನೇ ಬೆಚ್ಚಗಿನ ಪೆಟ್ಟಿಗೆ ಮಾಡಿದರಂತೆ. ಈಗ ಎಲ್ಲ ಕಡೆ ಅದಕ್ಕೆ ಬೆಲೆ ಬಂದಿದೆ. ಟೋಪಿ, ಕಾಲುಚೀಲ, ಡೈಪರ್ ಬಿಟ್ಟು ಮಗುವಿನ ಮೈಮೇಲೆ ಬೇರೇನೂ ಇಲ್ಲ. ತಾಯಿಯ ಎದೆಯ ನಡುವೆ ಕಪ್ಪೆಯ ಹಾಗೆ ನೇರವಾಗಿ ಅಂಟಿಸಿ, ಮೇಲಿನಿಂದ ಬಟ್ಟೆ ಕಟ್ಟುತ್ತಾರೆ. ಮಗಳು ಸುಸ್ತಾದಾಗ ಅಳಿಯ, ಅವನು ಊಟಕ್ಕೆ ಹೋದಾಗ ನಾನು. ಅರುವತ್ತೆರಡು ವರ್ಷದ ನನ್ನ ಎದೆಯ ಮೇಲೆ ಒಂದು ಹಕ್ಕಿಮರಿಯಷ್ಟು ಜೀವ ಉಸಿರಾಡುತ್ತಿದ್ದಾಗ ನಾನು ಬಾಯಿಬಿಟ್ಟು ಪ್ರಾರ್ಥಿಸಲಿಲ್ಲ, ಉಸಿರು ಎಣಿಸುತ್ತಿದ್ದೆ. ದೇವರು ಅದನ್ನೂ ಪ್ರಾರ್ಥನೆ ಎಂದು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾನೆ ಎಂದು ನಂಬಿದ್ದೇನೆ. 34ನೇ ದಿನ 1,850 ಗ್ರಾಂ ಆಗಿ ಮನೆಗೆ ಬಂದೆವು.

ಆ ದಿನಗಳಲ್ಲಿ ನಮ್ಮ ಕೂಟದ ಒಬ್ಬರು ಹನ್ನೊಂದು ದಿನ ಬೆಳಗ್ಗೆ ಏಳೂವರೆಯ ಬಸ್ಸಿಗೆ ಬಂದು, ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಚಟ್ನಿಯ ಟಿಫಿನ್ ಕ್ಯಾರಿಯರ್ ಆಸ್ಪತ್ರೆಯ ಮೆಟ್ಟಿಲಲ್ಲಿ ಕೊಟ್ಟು, ಖಾಲಿಯಾದದ್ದನ್ನು ತೆಗೆದುಕೊಂಡು ಹೋಗುತ್ತಿದ್ದರು. ಮಗು ಹೇಗಿದೆ ಎಂದು ಒಂದು ದಿನವೂ ಕೇಳಲಿಲ್ಲ, ಹೇಳಿದರೆ ಕೇಳಿಸಿಕೊಂಡರು. ಅವರು ಈ ಪತ್ರ ಓದುವಾಗ ತಮ್ಮ ಬಗ್ಗೆಯೇ ಬರೆದದ್ದು ಎಂದು ತಿಳಿಯುತ್ತಾರೆ. ಅಕ್ಕಾ, ಆ ಗಂಜಿಯಿಂದ ನನ್ನ ಮಗಳ ಹಾಲು ಉಳಿಯಿತು.

ಈಗ ದೀಕ್ಷಾಸ್ನಾನದ ದಿನಕ್ಕೆ ಮರಳಿ ಬನ್ನಿ. ಕ್ಯಾಲೆಂಡರ್ ಪ್ರಕಾರ ಮಗುವಿಗೆ ಆರೂವರೆ ತಿಂಗಳು, ಸರಿ. ಆದರೆ ಎರಡು ತಿಂಗಳು ಮುಂಚೆ ಬಂದ ಮಗುವಿನ ಬೆಳವಣಿಗೆಯನ್ನು ನೋಡುವಾಗ ಆ ಎರಡು ತಿಂಗಳನ್ನು ಕಳೆಯಬೇಕು. ಡಾಕ್ಟರುಗಳು ಇದನ್ನು ಸರಿಪಡಿಸಿದ ವಯಸ್ಸು ಎನ್ನುತ್ತಾರೆ, ಎರಡು ವರ್ಷದ ತನಕ ಈ ಲೆಕ್ಕವನ್ನೇ ಹಿಡಿಯುತ್ತಾರೆ. ಅಂದರೆ ನೀವು ಎತ್ತಿಕೊಂಡದ್ದು ನಾಲ್ಕೂವರೆ ತಿಂಗಳ ಮಗುವನ್ನು. ನಾಲ್ಕೂವರೆ ತಿಂಗಳ ಮಗು ಕತ್ತು ನಿಲ್ಲಿಸಬೇಕು, ನಿಂತಿತ್ತು. ಮಗುಚಿಕೊಳ್ಳಲು ನೋಡಬೇಕು, ನೋಡುತ್ತಿತ್ತು. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಒಯ್ಯಬೇಕು, ನಿಮ್ಮ ಸೀರೆಯ ಸೆರಗುಗಳನ್ನೆಲ್ಲ ಒಯ್ದಿತು. ಕೂರುವ ಮಾತೇ ಆಗ ಇರಲಿಲ್ಲ. ಒಂದು ಎಚ್ಚರವನ್ನೂ ಇಲ್ಲಿಯೇ ಹೇಳುತ್ತೇನೆ: ಚುಚ್ಚುಮದ್ದಿಗೆ ಮಾತ್ರ ಈ ಕಳೆಯುವ ಲೆಕ್ಕ ಇಲ್ಲ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಸೂಜಿ ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು. ಮಗು ಸಣ್ಣದು, ಆಮೇಲೆ ಹಾಕಿಸಿದರಾಯಿತು ಎಂದು ಮುಂದೂಡಿದ ಮನೆಗಳನ್ನು ನಾನು ಕಂಡಿದ್ದೇನೆ. ಸಣ್ಣ ಮಗುವಿಗೇ ಅದು ಮೊದಲು ಬೇಕು.

ದಿನ ತುಂಬಿ ಹುಟ್ಟಿದ ಮಕ್ಕಳಲ್ಲೂ ಎಷ್ಟು ಅಂತರ ಎಂದು ತಿಳಿದರೆ ಐದಕ್ಕೇ ಕೂತ ಮೊಮ್ಮಗನ ಮಾತು ನಮ್ಮ ಬಾಯಿಗೆ ಅಷ್ಟು ಸುಲಭವಾಗಿ ಬರಲಾರದು. ವಿಶ್ವ ಆರೋಗ್ಯ ಸಂಸ್ಥೆಯವರು ಭಾರತ, ಘಾನಾ, ನಾರ್ವೆ, ಓಮನ್, ಅಮೆರಿಕ ಈ ಐದು ದೇಶಗಳ 816 ಆರೋಗ್ಯವಂತ ಮಕ್ಕಳನ್ನು ತಿಂಗಳು ತಿಂಗಳು ನೋಡಿ 2006ರಲ್ಲಿ ಲೆಕ್ಕ ಕೊಟ್ಟರು. ನಮ್ಮ ದೇಶದಿಂದ ದೆಹಲಿಯ ಮಕ್ಕಳು ಅದರಲ್ಲಿದ್ದರು. ಆಧಾರವಿಲ್ಲದೆ ಕೂತದ್ದು ಒಂದು ಮಗು ನಾಲ್ಕು ತಿಂಗಳಿಗೆ, ಇನ್ನೊಂದು ಒಂಬತ್ತು ದಾಟಿದ ಮೇಲೆ. ಯಾರ ಕೈಯನ್ನೂ ಹಿಡಿಯದೆ ನಡೆದದ್ದು ಒಂದು ಎಂಟು ತಿಂಗಳಿಗೆ, ಇನ್ನೊಂದು ಹದಿನೇಳೂವರೆಗೆ. ಎರಡೂ ಸರಿಯೇ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಹಾಕಲೇ ಇಲ್ಲ, ಕೂತಲ್ಲೇ ಜರುಗಿಯೋ ಹೊಟ್ಟೆಯ ಮೇಲೆ ತೆವಳಿಯೋ ನೇರವಾಗಿ ಎದ್ದು ನಡೆದವು. ಈ ಸಂಗತಿ ನಾನು ಕೆಲಸಕ್ಕೆ ಸೇರಿದಾಗ ನನಗೆ ಗೊತ್ತಿದ್ದಿದ್ದರೆ ಎಷ್ಟು ತಾಯಂದಿರನ್ನು ವೃಥಾ ಹೆದರಿಸುವುದು ತಪ್ಪುತ್ತಿತ್ತು!

ಲೂಕನ ಸುವಾರ್ತೆಯ ಎರಡನೇ ಅಧ್ಯಾಯವನ್ನು ಪ್ರತಿ ಡಿಸೆಂಬರಿನಲ್ಲಿ ಓದುತ್ತೇವೆ. ಕುರುಬರು ಹೋದ ಮೇಲೆ ಓದುವುದನ್ನು ನಿಲ್ಲಿಸಿಬಿಡುತ್ತೇವೆ. ಈ ಸಲ ಮುಂದಕ್ಕೂ ಓದಿ. ಶುದ್ಧೀಕರಣದ ದಿನಗಳು ಮುಗಿದ ಮೇಲೆ, ಮೋಶೆಯ ನಿಯಮದಂತೆ ಗಂಡುಮಗುವಿಗೆ ನಲವತ್ತು ದಿನ, ನಮ್ಮ ಬಾಣಂತನದ ಲೆಕ್ಕವೇ, ಮರಿಯಳು ಕೂಸನ್ನು ಎತ್ತಿಕೊಂಡು ದೇವಾಲಯಕ್ಕೆ ಬರುತ್ತಾಳೆ. ಕಾಣಿಕೆಗೆ ಕುರಿಮರಿ ತರುವಷ್ಟು ಹಣವಿಲ್ಲ, ಹಕ್ಕಿಗಳ ಜೋಡಿ. ಅಲ್ಲಿ ಇಬ್ಬರು ಹಿರಿಯರು. ಸಿಮೆಯೋನ ಮಗುವನ್ನು ಕೈಯಲ್ಲಿ ತೆಗೆದುಕೊಂಡು ಮೊದಲು ಮಾಡಿದ್ದು ದೇವರನ್ನು ಕೊಂಡಾಡಿದ್ದು. ಬಹಳ ವಯಸ್ಸಾದ ವಿಧವೆ ಅನ್ನಳೂ ಹಾಗೆಯೇ, ಬಂದವಳೇ ದೇವರಿಗೆ ಸ್ತೋತ್ರ ಹೇಳಿದಳು. ಸಿಮೆಯೋನ ಮರಿಯಳಿಗೆ ಒಂದು ಕಠಿಣವಾದ ಮಾತನ್ನೂ ಹೇಳುತ್ತಾನೆ, ಮುಂದೆ ಅವಳ ಪ್ರಾಣಕ್ಕೇ ನಾಟುವ ನೋವಿನ ಮಾತು. ಹೇಳಲೇಬೇಕಾದದ್ದನ್ನು ಅವನು ಮುಚ್ಚಿಡಲಿಲ್ಲ. ಆದರೆ ಆ ಮಾತು ಬಂದದ್ದು ಆಶೀರ್ವಾದ ಮಾಡಿದ ಮೇಲೆ, ಮರಿಯಳ ಮುಖ ನೋಡಿ. ನನಗೆ ಆ ಕ್ರಮ ಮುಖ್ಯವಾಗಿ ಕಾಣುತ್ತದೆ.

ಲೂಕನನ್ನು ಪೌಲನು ವೈದ್ಯ ಎಂದು ಕರೆದಿದ್ದಾನೆ. ಯೇಸು ಬೆಳೆದನು ಎಂದು ಎರಡು ಸಲ ಬರೆದವನು ಅವನೇ. ಎಷ್ಟನೇ ತಿಂಗಳಿಗೆ ಕೂತನು, ಯಾವಾಗ ನಡೆದನು ಎಂದು ಒಂದು ಅಕ್ಷರ ಇಲ್ಲ. ಇನ್ನು ಹನ್ನಳನ್ನು ನೋಡಿ. ಹರಕೆಯಂತೆ ಸಮುವೇಲನನ್ನು ಶೀಲೋವಿನಲ್ಲಿ ಬಿಟ್ಟುಬಂದವಳು ವರ್ಷಕ್ಕೊಮ್ಮೆ ಯಜ್ಞಕ್ಕೆ ಹೋಗುವಾಗ ಒಂದು ಚಿಕ್ಕ ನಿಲುವಂಗಿ ಹೊಲಿದು ಒಯ್ಯುತ್ತಿದ್ದಳು. ಹೊಲಿಗೆ ಬಲ್ಲ ನಾವು ಒಂದು ಕ್ಷಣ ಯೋಚಿಸಬೇಕು. ಕಣ್ಣೆದುರು ಇಲ್ಲದ ಮಗನಿಗೆ ಅಳತೆ ಎಲ್ಲಿಂದ? ಕಳೆದ ವರ್ಷ ಭುಜ ಇಷ್ಟಿತ್ತು, ಈಗ ಇಷ್ಟಾಗಿರಬಹುದು ಎಂದು ಮನಸ್ಸಿನಲ್ಲೇ ಗೇಣು ಹಾಕಿ ಕತ್ತರಿಸಿರಬೇಕು. ಪಕ್ಕದ ಮನೆಯ ಹುಡುಗನ ಅಳತೆಗೆ ಹೊಲಿದಿದ್ದರೆ ಆ ಅಂಗಿ ಸಮುವೇಲನಿಗೆ ಆಗುತ್ತಿರಲಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದಂತೆ. ಹೋಲಿಸಬೇಡಿ, ಎಲ್ಲ ಮಕ್ಕಳೂ ತಮ್ಮ ಹೊತ್ತಿಗೆ ಬೆಳೆಯುತ್ತಾರೆ ಎಂದು ಸಮಾಧಾನ ಹೇಳುವುದು ಬಹಳ ಸುಲಭ. ಆ ಸಮಾಧಾನದಿಂದಲೇ ನಾನು ಒಂದು ಮಗುವಿಗೆ ಕೇಡು ಮಾಡಿದ್ದೇನೆ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ನನ್ನ ಅಂಗನವಾಡಿಯ ವ್ಯಾಪ್ತಿಯಲ್ಲಿ ಒಬ್ಬ ಹುಡುಗ, ಮುದ್ದಾದವ, ತೂಕ ಹಸಿರು ಪಟ್ಟಿಯಲ್ಲಿ, ಹನ್ನೊಂದು ತಿಂಗಳಿಗೇ ನಡೆದವ. ಒಂದೂವರೆ ವರ್ಷವಾದರೂ ಒಂದು ಮಾತಿಲ್ಲ. ತಾಯಿ ಬಂದು ಕೇಳಿದಳು, "ಟೀಚರೇ, ಕರೆದರೆ ತಿರುಗುವುದೇ ಇಲ್ಲ." ನಾನು ನಕ್ಕು, ಗಂಡುಮಕ್ಕಳ ಮಾತು ಯಾವಾಗಲೂ ತಡ, ಒಮ್ಮೆ ಶುರುವಾದರೆ ನಿಲ್ಲಿಸಲಾರೆ ನೋಡು ಎಂದೆ. ಅವಳು ನನ್ನ ಮಾತು ನಂಬಿ ಮನೆಗೆ ಹೋದಳು. ಮೂರು ವರ್ಷ ತುಂಬಿದಾಗ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರು. 1965ರಿಂದ ಇರುವ ಸಂಸ್ಥೆ, ದೇಶದ ಮೂಲೆಮೂಲೆಯಿಂದ ಜನ ಬರುವಂಥದ್ದು. ಹುಡುಗನಿಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಹುಟ್ಟಿನಿಂದಲೇ. ಕಿವಿಯ ತಪಾಸಣೆ ಮೊದಲ ತಿಂಗಳಲ್ಲೇ ಆಗಿ, ಮೂರು ತಿಂಗಳೊಳಗೆ ಖಚಿತವಾಗಿ, ಆರು ತಿಂಗಳೊಳಗೆ ಯಂತ್ರ, ತರಬೇತಿ ಶುರುವಾದರೆ ಮಾತು ಕಲಿಯುವ ದಾರಿ ತೆರೆದಿರುತ್ತದೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಆ ತಾಯಿ ನನ್ನನ್ನು ಬೈಯಲಿಲ್ಲ. ಈಗಲೂ ಪೇಟೆಯಲ್ಲಿ ಸಿಕ್ಕರೆ ಮಾತಾಡಿಸುತ್ತಾಳೆ. ನಾನು ಕಳೆದದ್ದು ಅವಳ ಮಗನ ಒಂದೂವರೆ ವರ್ಷ.

ಹಾಗಾಗಿ ನಾವು ಮಗುವನ್ನು ನೋಡುವುದನ್ನೇ ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ನಮ್ಮ ಕೂಟದಲ್ಲಿ ಮಕ್ಕಳನ್ನು ಹೆತ್ತು ಸಾಕಿದ, ಮೊಮ್ಮಕ್ಕಳನ್ನು ಮೀಯಿಸಿದ ಎಂಬತ್ತು ಜೋಡಿ ಕಣ್ಣುಗಳಿವೆ. ಅಷ್ಟು ಕಣ್ಣು ಯಾವ ಡಾಕ್ಟರಿಗೂ ಇಲ್ಲ. ಆ ಕಣ್ಣುಗಳು ಕೆಲವನ್ನು ನೋಡಲು ಕಲಿಯಬೇಕು. ಮೂರು ತಿಂಗಳಾದರೂ ಮುಖ ನೋಡಿ ನಗದ ಮಗು. ಐದಾದರೂ ಕತ್ತು ಜೋಲುವ ಮಗು. ಹತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದ, ಬಾಬಾ, ದಾದಾ ಎಂದು ಸದ್ದು ಮಾಡದ, ಕರೆದರೆ ತಿರುಗದ ಮಗು. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಯೇ ಇಡುವ ಮಗು. ಎತ್ತಿಕೊಂಡರೆ ಕಾಲು ಕತ್ತರಿಯ ಹಾಗೆ ಬಿಗಿಯುವ ಮಗು. ಎಲ್ಲಕ್ಕಿಂತ ಮಿಗಿಲಾಗಿ, ಕಲಿತದ್ದನ್ನು ಮರೆತ ಮಗು: ನಿನ್ನೆ ಮೊನ್ನೆಯ ತನಕ ಕೂರುತ್ತಿತ್ತು, ಈಗ ಕೂರುವುದಿಲ್ಲ ಎಂದರೆ ಒಂದು ವಾರವೂ ಕಾಯಬಾರದು. ದಿನ ತುಂಬುವ ಮೊದಲೇ ಹುಟ್ಟಿದವರಿಗೆ, 34 ವಾರಕ್ಕಿಂತ ಮೊದಲು ಅಥವಾ ಎರಡು ಕಿಲೋಗಿಂತ ಕಡಿಮೆ ಇದ್ದವರಿಗೆ, 30 ದಿನದೊಳಗೆ ಕಣ್ಣಿನ ಪರದೆಯ ತಪಾಸಣೆ ಆಗಲೇಬೇಕು. ನಮ್ಮ ಮಗುವಿಗೆ 26ನೇ ದಿನ ಆಯಿತು. ಕಾರ್ಡಿನಲ್ಲಿ ಆ ದಿನಾಂಕ ಇದೆಯೇ ಎಂದು ಮೆಲ್ಲನೆ ಕೇಳಬಹುದಾದದ್ದು ನಾವೇ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರ ಇದೆ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ. ಹಣ ಕೊಡಬೇಕಾಗಿಲ್ಲ. ಅಂಗನವಾಡಿಯವರೋ ಆಶಾ ಕಾರ್ಯಕರ್ತೆಯೋ ದಾರಿ ತೋರಿಸುತ್ತಾರೆ.

ಇಂಥದ್ದೇನಾದರೂ ಕಂಡರೆ ಚಹಾದ ಮೇಜಿನ ಹತ್ತಿರ ಹೇಳಬೇಡಿ. ಮರುದಿನ ಮನೆಗೆ ಹೋಗಿ. ಮಗುವನ್ನು ಮಡಿಲಿಗೆ ಹಾಕಿಕೊಂಡು ತಾಯಿಯನ್ನು ಕೇಳಿ: "ನಿನಗೆ ಏನಾದರೂ ಚಿಂತೆ ಇದೆಯಾ ಮಗಾ?" ತಾಯಿಗೆ ಬಹುಮಟ್ಟಿಗೆ ಮೊದಲೇ ಗೊತ್ತಿರುತ್ತದೆ. ಆ ಹುಡುಗನ ತಾಯಿಗೂ ಗೊತ್ತಿತ್ತು. ಅವಳಿಗೆ ಬೇಕಾದದ್ದು ಜೊತೆಗೆ ಬಸ್ಸು ಹತ್ತುವ ಒಬ್ಬರು.

ಮನೆಯಲ್ಲಿ ಪ್ರಾರ್ಥನೆ ಹೆಚ್ಚಾಗಬೇಕು ಎಂದ ಮಾತಿಗೆ ಬರುತ್ತೇನೆ. ನನ್ನ ಮಗಳನ್ನು ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದು. ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ ಹುಟ್ಟು ಕುರುಡನನ್ನು ಕಂಡು ಶಿಷ್ಯರು ಇದು ಯಾರ ಪಾಪ, ಇವನದೋ ಇವನ ತಂದೆತಾಯಿಯದೋ ಎಂದು ಕೇಳಿದರು. ಯೇಸು ಎರಡನ್ನೂ ಒಪ್ಪಲಿಲ್ಲ. ಆ ಬಾಗಿಲನ್ನು ಆತನೇ ಮುಚ್ಚಿರುವಾಗ ನಾವು ಯಾಕೆ ಮತ್ತೆ ತೆರೆಯಬೇಕು? ಮಗಳ ಬಿ.ಪಿ. ಏರಿದ್ದು ನಂಬಿಕೆ ಇಳಿದದ್ದರಿಂದ ಅಲ್ಲ. ಪ್ರಾರ್ಥನೆ, ಔಷಧ ಎರಡನ್ನೂ ಬೇರೆ ಬೇರೆ ಮಾಡುವುದು ನಮ್ಮ ಸಭೆಗಳ ಪದ್ಧತಿಯೂ ಅಲ್ಲ. 1923ರಲ್ಲಿ ಉಡುಪಿಯಲ್ಲಿ ಆಸ್ಪತ್ರೆ ತೆರೆದ ಸ್ವಿಸ್ ವೈದ್ಯೆ ಡಾ. ಇವಾ ಲೊಂಬಾರ್ಡ್ ನಂಬಿಕೆಯ ಹೆಸರಿನಲ್ಲೇ ಇಲ್ಲಿಗೆ ಬಂದವರು. ಬಂದು ಅವರು ಹೆರಿಗೆ ಮಾಡಿಸಿದರು, ಜ್ವರಕ್ಕೆ ಮದ್ದು ಕೊಟ್ಟರು. ನಮ್ಮ ಎಷ್ಟೋ ಮನೆಗಳ ಅಜ್ಜಿಯಂದಿರು ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ, ಅದು ಈ ಪರಂಪರೆ.

ಕೆಲವು ಸಣ್ಣ ವಿಷಯಗಳು. ಜೇನು ನೆಕ್ಕಿಸಬೇಡಿ, ಒಂದು ವರ್ಷ ತುಂಬುವ ತನಕ ಒಂದು ಹನಿಯೂ ಬೇಡ, ಅದರಲ್ಲಿರಬಹುದಾದ ಸೂಕ್ಷ್ಮಜೀವಿ ಎಳೆಗರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಹುದು. ಸಾಣೆಕಲ್ಲಿನಲ್ಲಿ ಬಜೆ ತೇಯ್ದು ನಾಲಿಗೆಗೆ ಹಚ್ಚುವುದನ್ನು ನನ್ನ ತಾಯಿ ಮಾಡುತ್ತಿದ್ದರು, ಅವರ ಮೇಲೆ ನನಗೆ ಗೌರವ ಇದೆ. ಆದರೂ ಆರು ತಿಂಗಳ ತನಕ ಎದೆಹಾಲು, ಡಾಕ್ಟರು ಬರೆದ ಹನಿಮದ್ದು ಬಿಟ್ಟು ಬೇರೇನೂ ಬೇಡ. ವಾಕರ್ ಉಡುಗೊರೆ ಕೊಡಬೇಡಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿಂದ ಉರುಳಿದ ಮಕ್ಕಳು ಬಹಳ. ಕೆನಡಾ ದೇಶದಲ್ಲಿ 2004ರಿಂದ ಅದರ ಮಾರಾಟವನ್ನೇ ನಿಷೇಧಿಸಿದ್ದಾರೆ. ಆ ದುಡ್ಡಿಗೆ ಒಂದು ಒಳ್ಳೆಯ ಚಾಪೆ ಬರುತ್ತದೆ. ಚರ್ಚಿನಲ್ಲಿ ಆರ್ಗನ್ನಿನ ಪಕ್ಕ ಖಾಲಿ ಜಾಗ ಇದೆಯಲ್ಲ, ಅಲ್ಲಿ ಆ ಚಾಪೆ ಹಾಸಿದರೆ ಎಳೆಮಕ್ಕಳ ತಾಯಂದಿರು ಪ್ರಸಂಗದ ಹೊತ್ತಿನಲ್ಲಿ ಹೊರಗೆ ಹೋಗಿ ನಿಲ್ಲುವುದು ತಪ್ಪುತ್ತದೆ. ಇದನ್ನು ಸಭಾಪಾಲಕರ ಹತ್ತಿರ ಮಾತಾಡಿದ್ದೇನೆ, ಅವರು ಕೂಟ ಒಪ್ಪಿದರೆ ಆಗಲಿ ಎಂದಿದ್ದಾರೆ.

ಮಗು ಹೇಗಿದೆ ಎಂದು ಕೇಳುವಿರಿ. ಹೇಳುತ್ತೇನೆ, ಸಂತೋಷದಿಂದ.

ಮೊದಲ ನಗು ಬಂದದ್ದು ಫೆಬ್ರವರಿಯ ಒಂದು ಬೆಳಗ್ಗೆ, ಹದಿನಾಲ್ಕನೇ ವಾರದಲ್ಲಿ. ದಿನ ತುಂಬಿದ್ದಿದ್ದರೆ ಆರನೇ ವಾರ, ಸರಿಯಾದ ಹೊತ್ತು. ಮೀಯಿಸಿ, ಒರೆಸಿ, ಕಾಲು ಚಾಚಿದ ನನ್ನ ತೊಡೆಗಳ ನಡುವೆ ಮಲಗಿಸಿಕೊಂಡಿದ್ದೆ. ಕಿವಿಯ ಹಿಂದೆ ಇನ್ನೂ ತೆಂಗಿನೆಣ್ಣೆಯ ಪಸೆ. ಕಿಟಕಿಯ ಬೆಳಕು ಬಿಟ್ಟು ನನ್ನ ಮುಖಕ್ಕೆ ಕಣ್ಣು ತಿರುಗಿಸಿತು. ಹುಬ್ಬು ಗಂಟಿಕ್ಕಿ, ಏನೋ ಲೆಕ್ಕ ಹಾಕುವ ಹಾಗೆ ತುಂಬ ಹೊತ್ತು ನೋಡಿತು. ಆಮೇಲೆ ಬಾಯಿಯ ಒಂದು ಮೂಲೆ ಮೇಲಕ್ಕೆ ಹೋಯಿತು, ಅದನ್ನು ನೋಡಿ ಇನ್ನೊಂದು ಮೂಲೆಯೂ ಹೋಯಿತು. ಅಡುಗೆಮನೆಯಲ್ಲಿದ್ದ ಮಗಳನ್ನು ಕೂಗಿದೆ. ಅವಳು ಓಡಿ ಬಂದಳು, ಕೈಯಲ್ಲಿ ಸೌಟು ಹಾಗೆಯೇ ಇತ್ತು. ಮಗು ಅವಳಿಗೂ ನಕ್ಕಿತು. ಆಗ ಅವಳು ಅತ್ತದ್ದು, ಆಸ್ಪತ್ರೆಯ ಅಷ್ಟು ದಿನದಲ್ಲಿ ಒಮ್ಮೆಯೂ ಅಳದವಳು.

ಕೂತದ್ದು ಆಗಸ್ಟಿನಲ್ಲಿ. ಮೊದಲು ಎರಡೂ ಕೈ ಮುಂದಕ್ಕೆ ಊರಿ, ಆಮೇಲೆ ಒಂದು ಕೈ ಬಿಟ್ಟು, ಆಮೇಲೆ ಎರಡನ್ನೂ ಬಿಟ್ಟು, ಪಕ್ಕಕ್ಕೆ ವಾಲಿ ಬಿದ್ದು, ಮತ್ತೆ ಕೂತು. ರಾಗಿ ಮಣ್ಣಿ ಇಷ್ಟ, ಅಕ್ಕಿಯದ್ದನ್ನು ಉಗುಳುತ್ತಾಳೆ. ಅಕ್ಟೋಬರಿನಲ್ಲಿ ಹೊಸ್ತಿಲು ದಾಟಿದಳು, ಸಿಹಿ ಮಾಡಿ ಅಕ್ಕಪಕ್ಕದ ಮನೆಗಳಿಗೆ ಕೊಟ್ಟೆವು. ಈಗ ಹದಿಮೂರು ತಿಂಗಳು, ಲೆಕ್ಕಕ್ಕೆ ಹನ್ನೊಂದು. ತೂಕ 8 ಕಿಲೋ 200 ಗ್ರಾಂ. ಗೆರೆ ಏರುತ್ತಿದೆ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ನಾವೆಲ್ಲ ಮೊಣಕಾಲೂರಿದರೆ ನನ್ನ ಬೆನ್ನನ್ನು ಹಿಡಿದು ಎದ್ದು ನಿಲ್ಲುತ್ತಾಳೆ. ಆಮೆನ್ ಎನ್ನುವ ಹೊತ್ತಿಗೆ ನನ್ನ ಕೂದಲಿನ ಗಂಟು ಬಿಚ್ಚಿರುತ್ತದೆ. ಇನ್ನೂ ನಡೆಯುವುದಿಲ್ಲ. ಯಾವಾಗ ನಡೆಯುತ್ತಾಳೆ ಎಂದು ನಮಗೆ ಗೊತ್ತಿಲ್ಲ.

ಕ್ರಿಸ್‌ಮಸ್ ಆರಾಧನೆಗೆ ಬರುತ್ತೇನೆ ಎಂದು ಮಗಳು ಒಪ್ಪಿದ್ದಾಳೆ. ಎಡಗಡೆಯ ಮೂರನೇ ಬೆಂಚು, ನಮ್ಮ ಮಾಮೂಲಿ ಜಾಗ. ಮಗುವನ್ನು ನೀವೆಲ್ಲ ಎತ್ತಿಕೊಳ್ಳಬೇಕು ಎಂದು ನನಗೆ ಆಸೆ ಇದೆ. ಕೆಮ್ಮು ಶೀತ ಇದ್ದವರು ಮಾತ್ರ ದೂರದಿಂದ ಮಾತಾಡಿಸಿ, ಉಳಿದವರು ಕೈ ತೊಳೆದು ಬನ್ನಿ. ಅವಳಿಗೆ ಒಂದು ಕೆಂಪು ಫ್ರಾಕು ಹೊಲಿಯುತ್ತಿದ್ದೇನೆ. ಯಾವ ವಯಸ್ಸಿನ ಅಳತೆಗೆ ಕತ್ತರಿಸಲಿ ಎಂದು ಮಗಳನ್ನು ಕೇಳಿದೆ. ಅವಳು ಮಗುವನ್ನೇ ಎತ್ತಿ ತಂದು ಬಟ್ಟೆಯ ಮೇಲೆ ಮಲಗಿಸಿದಳು. ಮಗು ಉರುಳಿ ಓಡುವ ಮೊದಲು ಸೀಮೆಸುಣ್ಣದಿಂದ ಸುತ್ತ ಗುರುತು ಹಾಕಿಕೊಂಡೆ. ಅಂಚಿನಲ್ಲಿ ಎರಡು ಇಂಚು ಬಟ್ಟೆ ಮಡಚಿ ಬಿಟ್ಟಿದ್ದೇನೆ, ಬೇಕಾದಾಗ ಬಿಚ್ಚಲು.

ನಿಮ್ಮ ಕೂಟದವಳೇ ಆದ,
ಒಬ್ಬ ಅಜ್ಜಿ